ನಮ್ಮ ಮರಿಯದಲ್ಲ

ಬೀದಿಯಲ್ಲಿ ಎಲ್ಲಿ ನಾಯಿಯ ಹೊಲಸು ಕಂಡರೂ ಜನ ಮೊದಲು ತಟ್ಟುವುದು ಗಡಿಯಾರ ರಿಪೇರಿಯವರ ಬಾಗಿಲು. ಒಂಟಿ ಜೀವ, ಜೊತೆಗೆ ಮರಿ ಎಂಬ ಒಂದು ಕಂದು ನಾಯಿ. ಅದರ ಮೇಲೆ ದೂರು ಬಂದರೆ ಸಾಕು, ಮನುಷ್ಯ ವಕೀಲರಾಗಿಬಿಡುತ್ತಿದ್ದರು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜಿನ ಸಮೇತ ಹೊರಬಂದು, ಕುಕ್ಕರಗಾಲಿನಲ್ಲಿ ಕೂತು, ಕೆಟ್ಟ ಗಡಿಯಾರ ನೋಡುವಷ್ಟೇ ಶ್ರದ್ಧೆಯಿಂದ ಆ ಹೊಲಸನ್ನು ನೋಡಿ ತೀರ್ಪು ಕೊಡುತ್ತಿದ್ದರು: "ಇದು ಮೂಳೆ ತಿಂದವನದು. ನಮ್ಮ ಮರಿ ಹಾಲು ಬ್ರೆಡ್ಡು ಬಿಟ್ಟು ಬೇರೇನೂ ಮುಟ್ಟಲ್ಲ." "ಸಾಕೋಕೆ ಬರುತ್ತೆ, ಎತ್ತೋಕೆ ಬರಲ್ವಾ?" ಎಂದು ಎದುರುಮನೆಯಾಕೆ ಕೂಗಾಡಿದರೆ, "ಸಾಕ್ಷಿ ಇದ್ರೆ ತನ್ನಿ ತಾಯೀ" ಎನ್ನುತ್ತಿದ್ದರು. ಮರಿ ಕಣ್ಣೆದುರೇ ಆಕೆಯ ಗೇಟಿನ ಬುಡದಲ್ಲಿ ಕೂತಾಗಲೂ, "ಏನೋ ಯೋಚನೆ ಮಾಡ್ತಾ ಕೂತಿದಾನೆ, ಪಾಪ" ಎಂದಿದ್ದ ಭೂಪರು. ಅಂಥವರು ಈಚೆಗೆ ಪೂರ್ತಿ ಬದಲಾಗಿದ್ದಾರೆ. ಆಕೆ ದನಿ ಎತ್ತಿದ ಕೂಡಲೇ ಹಳೇ ಪೇಪರು, ಬಕೆಟ್ಟು ಹಿಡಿದು ಓಡಿಬರುತ್ತಾರೆ. ಭೂತಗಾಜೂ ಇಲ್ಲ, ವಾದವೂ ಇಲ್ಲ. "ನಮ್ಮವನದೇ ತಾಯೀ, ಮಹಾ ತುಂಟ" ಎನ್ನುತ್ತ ಬಾಚಿ, ನೆಲ ತೊಳೆದು, ಇನ್ನೂ ನಾಲ್ಕು ಮಾತು ಬೈಯಲಿ ಎಂಬಂತೆ ಅಲ್ಲೇ ನಿಲ್ಲುತ್ತಾರೆ. ಅಂತೂ ಈ ವಯಸ್ಸಿಗೆ ಬುದ್ಧಿ ಬಂತಲ್ಲ ಎಂದುಕೊಂಡು ಆಕೆ ಬೈಯುತ್ತಲೇ ಇರುತ್ತಾಳೆ. ಮಳೆಗಾಲ ಮುಗಿಯುವ ಮೊದಲೇ ಮರಿಯನ್ನು ಹಿತ್ತಲಲ್ಲಿ ಮಣ್ಣು ಮಾಡಿದ್ದನ್ನು ಅವರು ಯಾರಿಗೂ ಹೇಳಿಲ್ಲ. ಆಕೆ ಬೈಯುವಷ್ಟು ಹೊತ್ತು ಅವನು ಇಲ್ಲೇ ಬೀದಿಯಲ್ಲಿ ಎಲ್ಲೋ ಓಡಾಡಿಕೊಂಡಿರುತ್ತಾನೆ.