ಹಗೇವಿಗೆ ಇಳಿಸಿದ ಕಿರೀಟ

ನಮ್ಮಪ್ಪ ಮತ್ತು ಕಾಕಾ ವರ್ಷವಿಡೀ ಮಾತಾಡುತ್ತಿರಲಿಲ್ಲ. ಹೊಲದ ಬದುವಿನ ಜಗಳ. ಒಂದೇ ಓಣಿ, ಎದುರುಬದುರು ಬಾಗಿಲು, ಮುಖ ಕಂಡರೆ ಉಗುಳು. ಆದರೆ ಸುಗ್ಗಿ ಮುಗಿದು ಊರ ಕಟ್ಟೆಯ ಮೇಲೆ ದೊಡ್ಡಾಟದ ತಾಲೀಮು ಸುರುವಾದರೆ ಅಪ್ಪ ರಾಜ, ಕಾಕಾ ಮಂತ್ರಿ. "ಮಹಾರಾಜಾ, ಅಪ್ಪಣೆ ಆಗಲಿ" ಎಂದು ಕಾಕಾ ಕೈಮುಗಿಯಲೇಬೇಕು, ಅಪ್ಪ ಉತ್ತರ ಕೊಡಲೇಬೇಕು. ಆ ಎರಡು ತಿಂಗಳು ಒಲೆಯ ಕೆಂಡವೂ ಆ ಮನೆಯಿಂದ ಈ ಮನೆಗೆ ಓಡಾಡುತ್ತಿತ್ತು. ಯಲಬುರ್ಗಾ ಸೀಮೆಯ ನಮ್ಮೂರಲ್ಲಿ ಮುರಿದ ಎಷ್ಟೋ ಮನೆಗಳನ್ನು ಹೊಂದಿಸಿದ್ದು ಆ ಕಟ್ಟೆಯೇ.

ಕಟ್ಟೆಯ ಮೇಲೆ ಕಿರೀಟವಿಟ್ಟು ಪೂಜೆ ಮಾಡಿದ ಮೇಲೇ ತಾಲೀಮು. ಕಿರೀಟವಿಲ್ಲದೆ ತಾಲೀಮಿಲ್ಲ. ಹಗುರ ಕಟ್ಟಿಗೆಯ ಆ ಕಿರೀಟ ಅಜ್ಜ ಮಾಡಿದ್ದು. ಅವನ ನಂತರ ಆ ಕೆಲಸ ಬಲ್ಲವರು ಯಾರೂ ಇರಲಿಲ್ಲ. ಅದರ ಬೆಸುಗೆ ಬಿಟ್ಟ ಜಾಗಕ್ಕೆ ಮೆತ್ತುವ ಹುಣಸೆಬೀಜದ ಅಂಟು ಅರೆಯುವವಳು ನಾನು. ಅರೆದು ಅರೆದು ರಟ್ಟೆ ಬಿದ್ದರೂ, ಹೆಣ್ಣೆಂದು ಕಿರೀಟ ಮುಟ್ಟಗೊಡುತ್ತಿರಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇದೆ.

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ ಲೂಟಿಯ ಗದ್ದಲವೆದ್ದು, ಊರು ಬಿಟ್ಟು ಗಡಿಯಾಚೆ ಓಡುವುದಾಯಿತು. ಗಾಡಿಯ ಕುಲುಕಿಗೆ ಕಿರೀಟ ಒಡೆದೀತು; ಎಲ್ಲಿಡುವುದು? ನಾನೇ ಬಾಯಿ ಹಾಕಿದೆ: "ಹಗೇವಿನ್ಯಾಗ ಇಡ್ರಿ. ಜ್ವಾಳ ಮೂರು ವರ್ಷ ಕೆಡೂದಿಲ್ಲ, ಕಿರೀಟ ಕೆಡ್ತೈತೇನು?"

"ನನ್ನ ಮಗಳ ಬುದ್ಧಿ ನೋಡ್ರಿ!" ಎಂದು ಅಪ್ಪ ಹಿಗ್ಗಿದ. ನೆಲದೊಳಗಿನ ಆ ಕಾಳಿನ ಗುಂಡಿಯಿಂದ ಜೋಳವನ್ನೆಲ್ಲ ತೆಗೆದು ಗಾಡಿಗೆ ಹೇರಿದೆವು. ಕಿರೀಟ ಇಳಿಸಿ, ಗುಂಡಿಯ ಬಾಯಿಗೆ ಮಣ್ಣು ಮೆತ್ತಿದೆವು.

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ತುಂಬಿದ ಹಗೇವು ಕಾಯುತ್ತದೆ, ಬರಿದಾದದ್ದು ತೇವ ಹೀರುತ್ತದೆ. ಇದು ಕೂಸಿಗೂ ಗೊತ್ತು, ಓಡುವ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮಳೆಗಾಲ ಕಳೆದು ಬಂದು ತೆಗೆದಾಗ ಅಪ್ಪನ ಕೈಗೆ ಬಂದದ್ದು ಬೂಷ್ಟು ಹಿಡಿದ ಹೋಳುಗಳು. ನಾನರೆದ ಅಂಟನ್ನು ಹುಳು ತಿಂದಿತ್ತು. ಕಾಕಾ ತನ್ನ ಬಾಗಿಲಲ್ಲಿ ನಿಂತು ನೋಡಿದ. ಒಂದು ಮಾತಾದರೂ ಆಡಿಯಾನೆಂದು ಕಾದೆ. ಒಳಗೆ ಹೋಗಿ ಅಗಳಿ ಹಾಕಿಕೊಂಡ.

ಆ ಸುಗ್ಗಿಗೆ ತಾಲೀಮಾಗಲಿಲ್ಲ. ಕೆಂಡ ಬೇಕಾದರೆ ಅವ್ವ ಮೂರು ಮನೆ ದಾಟಿ ಹೋಗುತ್ತಿದ್ದಳು. ಮುಂದಿನ ಸುಗ್ಗಿ ನೋಡದೆಯೇ ಅಪ್ಪ ಜ್ವರದಿಂದ ಹೋದ.

ಕಾಕಾ ಬಂದ. ಹೆಣದ ಮುಂದೆ ಕೂತು ಕೈಮುಗಿದು, "ಮಹಾರಾಜಾ, ಅಪ್ಪಣೆ ಆಗಲಿ" ಎಂದ. ಮತ್ತೊಮ್ಮೆ ಅದನ್ನೇ ಅಂದ. ಅಣ್ಣಾ ಎನ್ನಲು ಆಗಲೂ ಅವನಿಗೆ ಬಾಯಿ ಬರಲಿಲ್ಲ.