ಸದ್ದಿಗೆ ಮುಂಗಡ ಕ್ಷಮೆ

ಕಿನುಯೊಳ ಹತ್ತಿರ ಚಿನ್ನದ ಪಟ್ಟಿಯ ಡ್ರೈವಿಂಗ್ ಲೈಸೆನ್ಸ್ ಇತ್ತು. ವರ್ಷಗಟ್ಟಲೆ ಒಂದೂ ತಪ್ಪು ಮಾಡದ ಚಾಲಕರಿಗೆ ಸಿಗುವ ಮರ್ಯಾದೆ ಅದು. ಅವಳು ತಪ್ಪು ಮಾಡದಿರಲು ಕಾರಣವೂ ಇತ್ತು. ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ದಿನವೂ ಅವಳು ಗಾಡಿ ಮುಟ್ಟಿರಲಿಲ್ಲ. ಗಂಡ ಯಾಸುಹೇ ಓಡಿಸುತ್ತಿದ್ದ, ಇವಳು ಪಕ್ಕದಲ್ಲಿ ಕೂರುತ್ತಿದ್ದಳು. ನಮ್ಮ ದ್ವೀಪದ ಅರ್ಧ ಹೆಂಗಸರು ಹೀಗೆ ಕೂತಲ್ಲೇ ಚಿನ್ನದ ಚಾಲಕರಾದವರು.

ಅವಳ ಸಂಕಟವೆಲ್ಲ ತಂಗಿ ಮಿಸಾವೊಳನ್ನು ನೋಡಲು ಹೋಗುವುದರದು. ತಂಗಿಯ ಮನೆ ಗುಡ್ಡದ ಆಚೆ ಬದಿಗೆ. ಬಸ್ಸು ನಿಂತು ಹೋದ ಮೇಲೆ ಅಲ್ಲಿಗೆ ಹೋಗಬೇಕೆಂದರೆ ಗಂಡನನ್ನು ಕೇಳಬೇಕು. ಅವನು ಒಲ್ಲೆ ಎನ್ನುತ್ತಿರಲಿಲ್ಲ. ಒಂದು ನಿಟ್ಟುಸಿರು ಬಿಟ್ಟು, ಪುಟ್ಟ ಟ್ರಕ್ಕಿನಲ್ಲಿ ತಂಗಿಯ ಬಾಗಿಲವರೆಗೆ ಕರೆದೊಯ್ದು, ಎಂಜಿನ್ ಆರಿಸದೆ ಹೊರಗೇ ಕೂರುತ್ತಿದ್ದ. ಅಕ್ಕತಂಗಿಯರು ಮೊದಲ ಲೋಟ ಚಹಾ ಮುಗಿಸುವಷ್ಟರಲ್ಲಿ ಹಾರ್ನ್ ಕೇಳುತ್ತಿತ್ತು. ಎಷ್ಟೋ ವರ್ಷಗಳ ಮಾತು ಇಬ್ಬರ ಗಂಟಲಲ್ಲೂ ಅರ್ಧಕ್ಕೇ ನಿಂತಿತ್ತು. ಕೇಳದೆಯೇ, ತಾನಾಗಿ ಒಮ್ಮೆ ತಂಗಿಯ ಮನೆಗೆ ಹೋಗಬೇಕೆಂಬುದು ಕಿನುಯೊಳಿಗೆ ಹಿಡಿದ ಹಟ.

ಆ ವರ್ಷ ಮೀನಂಗಡಿಯ ಗೊಂದಾ ಅಂಗಡಿ ಮುಚ್ಚಿದ. ಹಿತ್ತಿಲಲ್ಲಿ, ಮನೆಮನೆಗೆ ಮೀನು ಮುಟ್ಟಿಸುತ್ತಿದ್ದ ಅವನ ಸಣ್ಣ ಮೋಟಾರ್ ಸೈಕಲ್ ತುಕ್ಕು ಹಿಡಿದು ಬಿದ್ದಿತ್ತು. "ತಗೊಂಡೋಗಮ್ಮಾ, ನಿಂಗೆ ಪುಣ್ಯ ಬರತ್ತೆ," ಎಂದ. ಅಷ್ಟು ಸಣ್ಣ ಗಾಡಿಗೆ ಕಾರಿನ ಲೈಸೆನ್ಸೇ ಸಾಕಿತ್ತು. ಕಿನುಯೊ ಅದನ್ನು ತಳ್ಳಿಕೊಂಡು ಬಂದಳು. ಹಿಂದೆ ಮೂರು ಬೆಕ್ಕು ಮೆರವಣಿಗೆ ಬಂದವು.

"ಗಾಡಿ ತಂದಿದ್ದೀಯೋ, ಬಂಗಡೆ ತಂದಿದ್ದೀಯೋ?" ಯಾಸುಹೇ ಮೂಗು ಮುಚ್ಚಿಕೊಂಡ.

"ರಿಪೇರಿ ಮಾಡ್ತೀನಿ."

"ನೀನಾ? ಬಲ್ಬ್ ಹಾಕೋಕೆ ನನ್ನ ಕರೀತೀಯ! ನೋಡು, ವರ್ಷದ ಕೊನೇಲಿ ಮನೆ ತೊಳೀತೀವಲ್ಲ, ಅಷ್ಟ್ರಲ್ಲಿ ಇದು ಓಡ್ಲಿಲ್ಲ ಅಂದ್ರೆ ಗುಜರಿಗೆ."

"ಆಗ್ಲಿ ರೀ," ಎಂದಳು ಕಿನುಯೊ.

ಅವಳು ಶಾಲೆಯ ಅಡುಗೆಮನೆಯಲ್ಲಿ ಬದುಕು ಸವೆಸಿದವಳು. ಯಂತ್ರ ಗೊತ್ತಿರಲಿಲ್ಲ, ಆದರೆ ಹಾಳುಬಿದ್ದ ಪಾತ್ರೆ ಬೆಳಗುವುದು ಚೆನ್ನಾಗಿ ಗೊತ್ತಿತ್ತು. ಗಾಡಿಯೂ ಒಂದು ಪಾತ್ರೆ ಎಂದೇ ಶುರುಮಾಡಿದಳು. ಟ್ಯಾಂಕಿಗೆ ವಿನೆಗರ್ ತುಂಬಿ ತುಕ್ಕು ಬಿಡಿಸಿದಳು. ಚೈನನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಪೆಟ್ರೋಲಿನ ಜಿಡ್ಡು ಕಟ್ಟಿದ್ದ ಕಾರ್ಬೊರೇಟರನ್ನು ನಿಂಬೆರಸದಲ್ಲಿ ಕುದಿಯಲು ಇಟ್ಟಳು. ನಮ್ಮಲ್ಲಿ ನಿಂಬೆಗೇನು ಬರ. ಹಸಿದು ಬಂದ ಯಾಸುಹೇ ಮುಚ್ಚಳ ತೆಗೆದು ಮೂಸಿದ.

"ಇದೇನೇ ಸಾರು?"

"ಕಾರ್ಬೊರೇಟರ್. ಉಪ್ಪು ಹಾಕಿಲ್ಲ, ರುಚಿ ನೋಡ್ಬೇಡಿ."

ಹೊಸ ಟೈರು, ಹೊಸ ಪ್ಲಗ್ಗು ಹಾಕಿಸಿದಳು. ಎಂಜಿನ್ ಒಮ್ಮೆಯೂ ಉಸಿರೆತ್ತುವ ಮೊದಲೇ ಊರಕಚೇರಿಯಿಂದ ನಂಬರ್ ಪ್ಲೇಟನ್ನೂ ತಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಳು ಎಂದು ಯಾಸುಹೇ ಊರೆಲ್ಲ ಹೇಳಿಕೊಂಡು ನಕ್ಕ.

ವರ್ಷದ ಕೊನೆಯ ಭಾನುವಾರ ಗಾಡಿ ಶುರುಮಾಡುವುದೆಂದಾಯಿತು. ಮರುದಿನವೇ ಮನೆ ತೊಳೆಯುವ ದಿನ. ಸದ್ದಾಗುತ್ತದಲ್ಲ, ಅಕ್ಕಪಕ್ಕದವರಿಗೆ ಹೇಳದೆ ಮಾಡುವುದುಂಟೆ? ಶನಿವಾರವೇ ಕಿನುಯೊ ಸಿಹಿಯ ಪೊಟ್ಟಣ ಹಿಡಿದು ಮನೆಮನೆಗೆ ಹೋಗಿ ಬಗ್ಗಿ ವಂದಿಸಿದಳು. "ನಾಳೆ ಬೆಳಿಗ್ಗೆ ಹತ್ತಕ್ಕೆ ನಮ್ಮನೇಲಿ ಸದ್ದಾಗತ್ತೆ. ದಯವಿಟ್ಟು ಬೇಜಾರು ಮಾಡ್ಕೋಬೇಡಿ."

ಅಷ್ಟಕ್ಕೂ ಅವಳ ಮನಸ್ಸು ನಿಲ್ಲಲಿಲ್ಲ. ಭಾನುವಾರ ಎದ್ದವಳೇ ಹಳೆಯ ಟವೆಲ್ಲೊಂದನ್ನು ಬಿಗಿಯಾಗಿ ಸುತ್ತಿ, ಹೊಗೆ ಬರುವ ಕೊಳವೆಯ ಬಾಯಿಗೆ ತುರುಕಿದಳು. ಸದ್ದು ಸ್ವಲ್ಪವಾದರೂ ಮೆತ್ತಗಾಗಲಿ ಎಂದು.

ಹತ್ತು ಗಂಟೆಗೆ ಕಿಕ್ ಹೊಡೆದಳು. ಗಾಡಿ ಕೆಮ್ಮಿತು. ಮತ್ತೆ ಹೊಡೆದಳು. ಕೆಮ್ಮೂ ನಿಂತಿತು. ಮಂಡಿ ಕಳಚಿ ಬೀಳುವ ತನಕ ಹೊಡೆದಳು. ಓಣಿಯಲ್ಲಿ ಮಸಣದ ಮೌನ.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಜಗಲಿಯಲ್ಲಿ ಚಹಾ ಹೀರುತ್ತ ಯಾಸುಹೇ ಹೇಳಿದ. "ಗುಜರಿಯವನಿಗೆ ಫೋನ್ ಮಾಡ್ಲಾ?"

ಕಿನುಯೊಳಿಗೆ ಅಳು ಬಂತು. ಅಳಲು ಪುರುಸೊತ್ತು ಸಿಗಲಿಲ್ಲ. ಪಕ್ಕದ ಮನೆಯ ಶಿಗೆ ಅಜ್ಜಿ ಮೂಲಂಗಿ ಉಪ್ಪಿನಕಾಯಿಯ ಜಾಡಿ ಹೊತ್ತು ಬಂದಳು.

"ಸದ್ದಾಗತ್ತೆ ಅಂತ ಸಿಹಿ ಕೊಟ್ಟಿದ್ರಿ. ಕಿವಿಗೆ ಯಂತ್ರ ಸಿಕ್ಕಿಸ್ಕೊಂಡು ಕಾದೆ, ಸದ್ದೇ ಬರ್ಲಿಲ್ಲ. ಬಿಟ್ಟಿ ತಿಂದ ಹಾಗಾಯ್ತಲ್ಲ, ಇದನ್ನ ಇಟ್ಕೊಳ್ಳಿ."

ಅವಳ ಹಿಂದೆಯೇ ಎದುರು ಮನೆಯಿಂದ ಒಣಮೀನು ಬಂತು, ಕೆಳಗಿನ ಮನೆಯಿಂದ ಕಿತ್ತಳೆ ಬಂತು. ಆಗದ ಸದ್ದಿನ ಋಣ ತೀರಿಸಲು ಓಣಿಯೇ ಅಂಗಳದಲ್ಲಿ ನೆರೆಯಿತು. ಕಿನುಯೊ ನಾಚಿ ನೀರಾಗಿ ಬಗ್ಗಿದಳು. ಅವಳಿಗಿಂತ ಕೆಳಗೆ ಬಗ್ಗದಿದ್ದರೆ ಮರ್ಯಾದೆಯಲ್ಲವೆಂದು ಶಿಗೆ ಅಜ್ಜಿ ಬಗ್ಗಿದಳು. ಕಿನುಯೊ ಇನ್ನೂ ಬಗ್ಗಿದಳು, ಅಜ್ಜಿ ಮತ್ತೂ ಬಗ್ಗಿದಳು. ಕೊನೆಗೆ ಅಜ್ಜಿಯ ಮುಖ ಕೊಳವೆಯ ನೇರಕ್ಕೆ ಬಂತು.

"ಇದೇನಮ್ಮಾ, ಒಳಗೆ ಬಟ್ಟೆ?"

"ನಿಮ್ಗೆಲ್ಲ ತೊಂದ್ರೆ ಆಗ್ಬಾರ್ದು ಅಂತ ನಾನೇ ತುರುಕಿದೆ."

"ಅಯ್ಯೋ ನಿನ್ನ! ಬಾಯಿಗೆ ಬಟ್ಟೆ ತುರುಕಿ ಮಾತಾಡು ಅಂದ್ರೆ ಯಾರು ಮಾತಾಡ್ತಾರೆ? ಅದು ಉಸಿರು ಬಿಡೋದು ಬೇಡ್ವಾ?"

ಎಲ್ಲರೂ ನಕ್ಕರು. ಕಿನುಯೊ ನಗಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಅದೂ ತನ್ನ ಮೇಲೆಯೇ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ, ತಾನೇ ತನ್ನ ಕೈಯಾರೆ ತುರುಕಿದ್ದಳು. ಟವೆಲ್ಲನ್ನು ಎಳೆದು ಬಿಸಾಕಿ, ಸಿಟ್ಟೆಲ್ಲ ಕಾಲಿಗೆ ತಂದುಕೊಂಡು ಒಂದೇ ಒಂದು ಕಿಕ್ ಹೊಡೆದಳು.

ಓಣಿ ನಡುಗಿತು. ಬೆಕ್ಕುಗಳು ದಿಕ್ಕಾಪಾಲಾದವು. ಕೊಟ್ಟ ಸಿಹಿಗೆ ಮೋಸವಿಲ್ಲದಂಥ ಸದ್ದು. ಶಿಗೆ ಅಜ್ಜಿ ಕಿವಿಯ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡಳು.

ಕಿನುಯೊ ಹೆಲ್ಮೆಟ್ ತೊಟ್ಟಳು.

"ಎಲ್ಲಿಗೇ?" ಯಾಸುಹೇ ಕೂಗಿದ.

"ಮಿಸಾವೊ ಮನೆಗೆ."

"ಇರು, ನಾನು ಬಿಡ್ತೀನಿ. ಮತ್ತೆ ಊಟ?"

"ಓಣಿಯವರೆಲ್ಲ ತಂದಿಟ್ಟಿದ್ದಾರಲ್ಲ ರೀ!"

ಗುಡ್ಡದ ಏರಿನಲ್ಲಿ ಒಬ್ಬ ಸೈಕಲ್ಲಿನವನು ಅವಳನ್ನು ದಾಟಿಕೊಂಡು ಹೋದ. ಹೋಗಲಿ ಬಿಡು ಎಂದುಕೊಂಡಳು. ಇಳಿಜಾರಿನಲ್ಲಿ ಕಣ್ಣು ಮುಚ್ಚುವಷ್ಟು ಹೆದರಿದಳು, ಆದರೆ ಮುಚ್ಚಲಿಲ್ಲ.

ಸದ್ದು ಕೇಳಿ ಮಿಸಾವೊ ಹೊರಗೆ ಬಂದು ರಸ್ತೆಯತ್ತ ಇಣುಕಿದಳು.

"ಭಾವ ಎಲ್ಲಿ ಅಕ್ಕಾ?"

"ಮನೇಲಿ."

"ಮತ್ತೆ ನಿನ್ನ ಕರ್ಕೊಂಡು ಬಂದಿದ್ದು ಯಾರು?"

"ಯಾರೂ ಇಲ್ಲ ಕಣೇ. ನಾನೇ ಬಂದೆ."

ಮಿಸಾವೊ ಅಭ್ಯಾಸಬಲದಿಂದ ಗಡಿಬಿಡಿಯಲ್ಲಿ ಚಹಾ ಸೋಸಿದಳು, ಗಡಿಬಿಡಿಯಲ್ಲಿ ಮಾತು ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಗಡಿಬಿಡಿ ತಾನಾಗಿ ಇಳಿಯಿತು. ಸತ್ತವರ ಮಾತು, ಇದ್ದವರ ಮಾತು, ಅರ್ಧಕ್ಕೆ ನಿಂತಿದ್ದ ಎಲ್ಲ ಮಾತೂ ಮುಗಿಯಿತು. ಹೇಳಲು ಇನ್ನೇನೂ ಉಳಿಯಲಿಲ್ಲ. ಆದರೂ ಇಬ್ಬರೂ ಎದ್ದೇಳಲಿಲ್ಲ.