ಒಂದೇ ಸಲ ಕೇಳಿದೆ ಅಂದವಳು

ರತ್ನಮ್ಮನ ಕೆಲಸ ಹೋಗಿದ್ದು ನನ್ನಿಂದ. ತುಂಬಿದ ಸಭೆಯಲ್ಲಿ ನಾನು ಹೇಳಿದ ಒಂದು ಸುಳ್ಳಿನಿಂದ. ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದೆ. ಇನ್ನು ಆಗುವುದಿಲ್ಲ — ನನ್ನ ಮೇಲೆ ನನಗೇ ರೋಸಿಹೋಗಿದೆ. ಇದನ್ನು ನಮ್ಮ ಮುಖ್ಯೋಪಾಧ್ಯಾಯರ ಮುಂದೆಯೂ ಓದುತ್ತೇನೆ.

ಹೊಳಲ್ಕೆರೆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ಕಾಯಂ ಗಣಿತ ಶಿಕ್ಷಕಿ. ರತ್ನಮ್ಮ ಅತಿಥಿ ಶಿಕ್ಷಕಿ. ಅಂದರೆ ವರ್ಷವರ್ಷವೂ ಮುಖ್ಯೋಪಾಧ್ಯಾಯರು ಹೂಂ ಅಂದರೆ ಮಾತ್ರ ಕೆಲಸ. ಆರನೇ ಕ್ಲಾಸಿಗೆ ಋಣ ಸಂಖ್ಯೆ ಕಲಿಸಲು ಅವಳು ಮೊಬೈಲಿನಲ್ಲಿ ಎಐಯನ್ನು ಕೇಳಿದಳು. ಅದು ಹಿಮ ಬೀಳುವ ಊರಿನಲ್ಲಿ ಸೊನ್ನೆಗಿಂತ ಕೆಳಗಿಳಿಯುವ ಚಳಿಯ ಉದಾಹರಣೆ ಕೊಟ್ಟಿತು. ನಮ್ಮ ಮಕ್ಕಳು ಹಿಮವನ್ನು ಎಲ್ಲಿ ಕಂಡಿದ್ದಾರೆ? ಪಾಠ ತಲೆಗೆ ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂದು ಅದಕ್ಕೇ ತಿಳಿಸಿ ಮತ್ತೆ ಕೇಳಿದಳು — ಬೋರ್‌ವೆಲ್ ಬಂತು. ನೆಲವೇ ಸೊನ್ನೆ, ಕೆಳಗಿನ ಅಡಿಗಳೆಲ್ಲ ಋಣ. ಮಕ್ಕಳಿಗೆ ಖುಷಿ. ಆದರೆ, "ಮುನ್ನೂರಡಿ ಆಳ ಇಪ್ಪತ್ತಕ್ಕಿಂತ ದೊಡ್ಡದಲ್ವಾ ಮಿಸ್?" ಎಂದು, ಋಣ ಮುನ್ನೂರು ಋಣ ಇಪ್ಪತ್ತಕ್ಕಿಂತ ಚಿಕ್ಕದು ಎನ್ನುವಲ್ಲಿ ಎಡವಿದರು. ಅವಳು ಬಿಡಲಿಲ್ಲ. ಆ ತಪ್ಪನ್ನೂ ಹೇಳಿ ಮತ್ತೆ ಕೇಳಿದಳು, ಬಂದದ್ದನ್ನು ತಾನೂ ತಿದ್ದಿದಳು, ಮತ್ತೆ ಕ್ಲಾಸಿಗೆ ಒಯ್ದಳು. ಕೊನೆಗೆ ಅದು ಬೋರಿನೊಳಗಿನ ಕೆಟ್ಟ ಮೋಟಾರನ್ನು ಮೇಲೆತ್ತುವ ಪಾಠವಾಯಿತು: ಮೇಲೆ ಬಂದಷ್ಟೂ ಸಂಖ್ಯೆ ದೊಡ್ಡದು. ಮಕ್ಕಳಿಗೆ ತಿಳಿಯಿತು.

ನಾನು ನಗುತ್ತಿದ್ದೆ. "ಎಷ್ಟು ಸಲ ಅದನ್ನೇ ಕೇಳ್ತೀಯೇ, ಅದಕ್ಕೂ ತಲೆ ಕೆಟ್ಟೀತು" ಎಂದಿದ್ದೆ.

"ಹುಡ್ರಿಗೆ ತಿಳೀಲಿಲ್ಲ ಅಂದ್ರೆ ಇನ್ನೇನ್ ಮಾಡಾಣ ಮೇಡಂ" ಎಂದಿದ್ದಳು.

ಚಿತ್ರದುರ್ಗದ ತರಬೇತಿಗೆ ಮುಖ್ಯೋಪಾಧ್ಯಾಯರೂ ನಾವಿಬ್ಬರೂ ಹೋದೆವು. ಎಐ ಬಳಸಿ ಮಾಡಿದ ಮಾದರಿ ಪಾಠ ತೋರಿಸಿ ಎಂದು ನನ್ನನ್ನು ಕರೆದರು. ನನ್ನ ಹತ್ತಿರ ಏನಿತ್ತು, ಮಣ್ಣು? ಅವಳು ನನಗೆ ಕಳಿಸಿದ್ದ ಆ ಕೊನೆಯ ಪಾಠವನ್ನೇ ನನ್ನದೆಂದು ತೋರಿಸಿದೆ. "ಇಷ್ಟು ಚೆನ್ನಾಗಿ ಹೆಂಗ್ ಬಂತ್ರಿ ಮೇಡಂ?" ಎಂದರು ಅಧಿಕಾರಿ.

"ಒಂದೇ ಸಲ ಕೇಳಿದೆ ಸರ್, ಕೊಡ್ತು."

ಚಪ್ಪಾಳೆಯೋ ಚಪ್ಪಾಳೆ. ಯಾವುದಕ್ಕೆ? ದಿನಾ ಮಗ್ಗಿಯನ್ನು ಮತ್ತೆ ಮತ್ತೆ ಹೇಳಿಸುವ ಜನ ಇವರು, ಒಂದೇ ಏಟಿಗೆ ಪಾಠ ಹುಟ್ಟುತ್ತದೆಂದು ನಂಬಿ ಕೈ ತಟ್ಟಿದರಲ್ಲ — ಥೂ. ತಟ್ಟಿಸಿಕೊಂಡ ನನಗೆ ಇನ್ನೂ ದೊಡ್ಡ ಥೂ. ಹಿಂದಿನ ಸಾಲಿನಲ್ಲಿ ರತ್ನಮ್ಮ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯ —

ಮುಂದಿನ ಜೂನ್‌ನಲ್ಲಿ ಮುಖ್ಯೋಪಾಧ್ಯಾಯರು ನನ್ನೆದುರೇ ಅವಳಿಗೆ ಹೇಳಿದರು: "ಮೇಡಮ್ಮೋರು ಒಂದೇ ಸಲಕ್ಕೆ ಮಾಡಿದ ಪಾಠನ ನೀವು ವಾರಗಟ್ಲೆ ಎಳೆದ್ರಿ. ಈ ವರ್ಷ ಬ್ಯಾಡ ಬಿಡ್ರಿ." ಅವಳು ನನ್ನ ಕಡೆ ನೋಡಿದಳು. ನಾನು ಸೆರಗಿನಿಂದ ಕನ್ನಡಕ ಒರೆಸುತ್ತ ನಿಂತೆ. ಅವಳ ಕ್ಲಾಸು ನನಗೆ ಬಂತು.

ಮೊನ್ನೆ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಸಿಕ್ಕಳು. ಈಗ ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕೇಳಿದ್ದು ಇಷ್ಟೇ: "ಮೇಡಂ, ಆ ಮೋಟ್ರು ಪಾಠ ಈಗಿನ ಹುಡ್ರಿಗೆ ತಿಳೀತೈತಾ? ಎಲ್ಲಾದ್ರೂ ತೊಡಕಾತಾ?"

"ಚೆನ್ನಾಗಿ ತಿಳೀತೈತೆ" ಎಂದೆ.

ಅವಳ ಮುಖ ಅರಳಿತು. ಆ ಪಾಠವನ್ನು ನಾನು ಮಕ್ಕಳಿಗೆ ಇವತ್ತಿನವರೆಗೂ ಮಾಡಿಯೇ ಇಲ್ಲ.